ಹಬ್ಬದ ಡಬ್ಬಿಯ ಹಣ ಯಾರದು? ಓದುಗರ ಪ್ರಶ್ನೆಗಳಿಗೆ ಉತ್ತರ

ಹಬ್ಬದ ದಿನಗಳು ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಡಬ್ಬಿ, ರಸೀದಿ, ಚಂದಾ ಎಂಬ ಪದಗಳು ಹೆಚ್ಚಾಗುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಕೆಲವನ್ನು ಸೇವಾ ಕ್ಲಬ್‌ಗಳಲ್ಲಿ ದುಡಿಯುವವರು ಬರೆದಿದ್ದಾರೆ. ಉಳಿದವನ್ನು ಅಂಥವರ ಕೈಗೆ ಸಿಕ್ಕಿ ಚಂದಾ ಕೊಟ್ಟವರು, ಇಲ್ಲವೇ ಕೊಡದೆ ತಪ್ಪಿಸಿಕೊಂಡವರು ಬರೆದಿದ್ದಾರೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಗುರುತು ಬಿಟ್ಟು ಇಲ್ಲಿ ಕೊಟ್ಟಿದ್ದೇನೆ. ನಾನೂ ಕೆಲವು ವರ್ಷ ಇಂಥದೊಂದು ಕ್ಲಬ್‌ನ ಖಜಾಂಚಿಯಾಗಿದ್ದವನು. ಆದ್ದರಿಂದ ಉತ್ತರಗಳಲ್ಲಿ ಖಜಾಂಚಿಯ ಶಂಕೆಯ ಕಣ್ಣು ಸ್ವಲ್ಪ ಹೆಚ್ಚಾಗಿಯೇ ಕಂಡರೆ ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ: ಕಳೆದ ಹಬ್ಬದಲ್ಲಿ ನಮ್ಮ ಕ್ಲಬ್ ಮಕ್ಕಳ ಕಣ್ಣಿನ ಚಿಕಿತ್ಸೆಗೆಂದು ಹಣ ಎತ್ತಿತು. ಚಿಕಿತ್ಸೆಯ ವೆಚ್ಚವನ್ನೆಲ್ಲ ಕೊಟ್ಟ ಮೇಲೂ ಒಂದಿಷ್ಟು ಉಳಿದಿದೆ. ಅದನ್ನು ಸಭಾಂಗಣದ ಬಾಡಿಗೆಗೂ ಪದಾಧಿಕಾರಿಗಳ ಪ್ರಯಾಣಕ್ಕೂ ಬಳಸೋಣ, ಹೇಗೂ ನಾವೇ ಬೆವರು ಸುರಿಸಿ ತಂದದ್ದಲ್ಲವೇ ಎಂದು ಅಧ್ಯಕ್ಷರು ಹೇಳುತ್ತಿದ್ದಾರೆ. ಹೊಸ ಖಜಾಂಚಿಯಾದ ನಾನು ಏನು ಹೇಳಲಿ?

ಉತ್ತರ: ಬಳಸುವಂತಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ. ಬೆವರು ನಿಮ್ಮದು ನಿಜ, ಆದರೆ ಹಣ ನಿಮ್ಮದಲ್ಲ. ಡಬ್ಬಿಗೆ ನೋಟು ಹಾಕಿದವರು ನಿಮ್ಮ ಸಭಾಂಗಣವನ್ನು ನೆನೆದು ಹಾಕಲಿಲ್ಲ. ಡಬ್ಬಿಯ ಮೇಲೆ ಅಂಟಿಸಿದ್ದ ಚೀಟಿಯನ್ನು ಓದಿ ಹಾಕಿದರು. ಆ ಚೀಟಿಯೇ ಅವರಿಗೂ ನಿಮಗೂ ನಡುವಿನ ಕರಾರು. ಇದು ನನ್ನೊಬ್ಬನ ಮಡಿವಂತಿಕೆಯಲ್ಲ. 1917ರಲ್ಲಿ ಶಿಕಾಗೋದ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್ ಅವರ ಮುಂದಾಳುತನದಲ್ಲಿ ಹುಟ್ಟಿದ ಲಯನ್ಸ್ ಸಂಸ್ಥೆಯ ನಿಯಮಗಳೇ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿವೆ: ಸಾರ್ವಜನಿಕರಿಂದ ಎತ್ತಿದ ಹಣ ಸಾರ್ವಜನಿಕರಿಗೇ ಮರಳಬೇಕು, ಕ್ಲಬ್‌ನ ಆಡಳಿತದ ಖರ್ಚನ್ನು ಸದಸ್ಯರ ವಂತಿಗೆಯಿಂದಲೇ ನಡೆಸಬೇಕು. ಸದಸ್ಯರ ಆರ್ಥಿಕ ಲಾಭವನ್ನು ಯಾವ ಕ್ಲಬ್ಬೂ ತನ್ನ ಗುರಿಯಾಗಿ ಇಟ್ಟುಕೊಳ್ಳಬಾರದೆಂದು ಆ ಸಂಸ್ಥೆ ಆರಂಭದಲ್ಲೇ ನಿರ್ಧರಿಸಿತ್ತು. ಆದ್ದರಿಂದ ಸೇವೆಯ ಹಣಕ್ಕೆ ಒಂದು ಬ್ಯಾಂಕ್ ಖಾತೆ, ಆಡಳಿತದ ಹಣಕ್ಕೆ ಇನ್ನೊಂದು ಎಂಬ ಪದ್ಧತಿ ಇಂಥ ಕ್ಲಬ್‌ಗಳಲ್ಲಿ ರೂಢಿಗೆ ಬಂದಿದೆ. ನಿಮ್ಮಲ್ಲಿ ಒಂದೇ ಖಾತೆಯಿದ್ದರೆ ಈ ಹಬ್ಬಕ್ಕೆ ಮೊದಲು ಮಾಡಬೇಕಾದ ಕೆಲಸವೇ ಇನ್ನೊಂದನ್ನು ತೆರೆಯುವುದು. ಒಂದೇ ಖಾತೆಯಲ್ಲಿ ಎರಡೂ ಬೆರೆತರೆ ಯಾವುದು ಯಾರದೆಂದು ವರ್ಷದ ಕೊನೆಗೆ ಪ್ರಾಮಾಣಿಕರಾದ ನೀವೂ ಬಿಡಿಸಿ ಹೇಳಲಾರಿರಿ.

ಸಂಗ್ರಹಕ್ಕೇ ನೇರವಾಗಿ ಆದ ಖರ್ಚನ್ನು, ಅಂದರೆ ಡಬ್ಬಿ, ಮುದ್ರಿತ ರಸೀದಿ, ವೇದಿಕೆಯ ಬಾಡಿಗೆ ಇಂಥವನ್ನು, ಸಂಗ್ರಹದಿಂದಲೇ ಕಳೆಯುವುದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ಖರ್ಚಿನ ಚೀಟಿಗಳಿರಬೇಕು, ಆ ಮೊತ್ತವನ್ನು ಹೊರಗಿನವರಿಗೂ ಹೇಳುವ ಧೈರ್ಯವಿರಬೇಕು. ಉಳಿಕೆಯ ವಿಷಯಕ್ಕೆ ಬಂದರೆ, ಅದನ್ನು ಅದೇ ಉದ್ದೇಶಕ್ಕೆ ಮುಂದಿನ ವರ್ಷಕ್ಕೆ ಕಾಯ್ದಿರಿಸುವುದು ಮೊದಲ ಆಯ್ಕೆ. ಅದು ಸಾಧ್ಯವೇ ಇಲ್ಲವೆಂದಾದರೆ ಅದಕ್ಕೆ ತೀರ ಹತ್ತಿರದ ಇನ್ನೊಂದು ಉದ್ದೇಶಕ್ಕೆ, ಸಭೆಯಲ್ಲಿ ನಿರ್ಣಯ ಬರೆದು, ದಾನಿಗಳಿಗೆ ಬಹಿರಂಗವಾಗಿ ತಿಳಿಸಿ ಕೊಡಬಹುದು. ಮುಂದಿನ ಸಲ ಡಬ್ಬಿಯ ಮೇಲಿನ ಚೀಟಿಯಲ್ಲೇ ಒಂದು ಸಾಲು ಸೇರಿಸಿ: ‘ಅಗತ್ಯಕ್ಕಿಂತ ಹೆಚ್ಚು ಸಂಗ್ರಹವಾದರೆ ಇಂಥ ಕೆಲಸಕ್ಕೆ ಬಳಸಲಾಗುವುದು.’ ಈ ಒಂದು ಸಾಲು ಇಲ್ಲದ ಕಾರಣಕ್ಕೆ ನಡುರಾತ್ರಿಯವರೆಗೆ ನಡೆದ ಸಭೆಗಳನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಡಬ್ಬಿಗಳನ್ನು ಹಿಡಿದು ಹೋಗುವವರೆಲ್ಲ ನಮ್ಮ ಆಪ್ತರೇ. ಹಾಗಿದ್ದೂ ಮೊಹರು, ಸಂಖ್ಯೆ, ಇಬ್ಬರ ಸಹಿ ಎಂದು ಕಾರ್ಯದರ್ಶಿಗಳು ಒತ್ತಾಯಿಸಿದಾಗ ಅನೇಕರಿಗೆ ಅವಮಾನವಾಯಿತು. ನಂಬಿಕೆಯ ಮೇಲೆ ನಡೆಯುವ ಕೆಲಸದಲ್ಲಿ ಇಷ್ಟು ಕಟ್ಟುನಿಟ್ಟು ಬೇಕೇ?

ಉತ್ತರ: ನಂಬಿಕೆಯ ಮೇಲೆ ನಡೆಯುವ ಕೆಲಸವಾದ್ದರಿಂದಲೇ ಬೇಕು. ಈ ನಿಯಮಗಳು ಕಳ್ಳನನ್ನು ಹಿಡಿಯಲು ಇರುವುದಕ್ಕಿಂತ ಹೆಚ್ಚಾಗಿ ಪ್ರಾಮಾಣಿಕನನ್ನು ಕಾಪಾಡಲು ಇವೆ ಎಂಬುದು ನನಗೆ ಅರ್ಥವಾದದ್ದು ಪೆಟ್ಟು ತಿಂದ ಮೇಲೆಯೇ. ನಾನು ಖಜಾಂಚಿಯಾದ ಮೊದಲ ವರ್ಷ, ಹಬ್ಬದ ಸಂಜೆ ತಡವಾಗಿ ಬಂದ ಒಂದು ಡಬ್ಬಿಯನ್ನು ಮನೆಗೆ ಒಯ್ದು ಒಬ್ಬನೇ ಎಣಿಸಿದೆ. ಎಣಿಕೆ ಸರಿಯಾಗಿಯೇ ಇತ್ತು. ಆದರೆ ಉಳಿದ ಡಬ್ಬಿಗಳಿಗಿಂತ ಅದರಲ್ಲಿ ಹಣ ಬಹಳ ಕಡಿಮೆ ಇತ್ತು. ಯಾರೂ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ದೊಡ್ಡ ಶಿಕ್ಷೆಯಾಯಿತು. ಡಬ್ಬಿ ಇಟ್ಟಿದ್ದ ಜಾಗದಲ್ಲಿ ಆ ದಿನ ಜನಸಂಚಾರವೇ ಇರಲಿಲ್ಲವೆಂದು ನಾನು ಎಷ್ಟು ಸಲ ವಿವರಿಸಿದೆನೋ ಅಷ್ಟು ಸಲವೂ ಅದು ನೆಪದಂತೆ ಕೇಳಿಸಿತು.

ಅಂದಿನಿಂದ ನಾನು ಪಾಲಿಸಿದ ಕ್ರಮ ಹೀಗಿತ್ತು. ಪ್ರತಿ ಡಬ್ಬಿಗೂ ಒಂದು ಸಂಖ್ಯೆ. ಯಾವ ಸಂಖ್ಯೆ ಯಾರ ಕೈಗೆ, ಎಷ್ಟು ಗಂಟೆಗೆ ಹೋಯಿತು, ಎಷ್ಟು ಗಂಟೆಗೆ ಮರಳಿತು ಎಂಬ ಒಂದು ಪುಸ್ತಕ. ಬಾಯಿಗೆ ಒಡೆಯದೆ ತೆರೆಯಲಾಗದ ಮೊಹರು. ತೆರೆಯುವಾಗ ಒಂದೇ ಮನೆಯವರಲ್ಲದ ಇಬ್ಬರು ಎದುರಿಗೆ. ಎಣಿಸಿದ ಮೊತ್ತವನ್ನು ಅಲ್ಲೇ ಬರೆದು ಇಬ್ಬರೂ ಸಹಿ ಹಾಕಬೇಕು, ಹಣ ಮರುದಿನವೇ ಪೂರ್ತಿಯಾಗಿ ಬ್ಯಾಂಕಿಗೆ ಹೋಗಬೇಕು. ‘ಪೂರ್ತಿಯಾಗಿ’ ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಸಾಮಾನ್ಯವಾಗಿ ಎಡವುವುದು ಅಲ್ಲಿಯೇ. ಡಬ್ಬಿಯ ಹಣದಿಂದಲೇ ಸ್ವಯಂಸೇವಕರ ಊಟಕ್ಕೆ, ಆಟೋಗೆ ಕೊಟ್ಟು, ಉಳಿದದ್ದನ್ನು ಜಮಾ ಮಾಡಿದರೆ ಲೆಕ್ಕದಲ್ಲಿ ಕದ್ದದ್ದೇನೂ ಇರುವುದಿಲ್ಲ. ಆದರೆ ಎಣಿಕೆಯ ಚೀಟಿಗೂ ಬ್ಯಾಂಕಿನ ಚಲನ್‌ಗೂ ಹೊಂದಿಕೆಯಾಗುವುದಿಲ್ಲ, ಆ ಅಂತರವನ್ನು ಆರು ತಿಂಗಳ ಅನಂತರ ವಿವರಿಸಬೇಕಾದವರು ನೀವು. ಖರ್ಚನ್ನು ಬೇರೆಯಾಗಿ, ಬೇರೆ ಚೀಟಿಯ ಮೇಲೆ ಕೊಡಿ. ಮೊಬೈಲ್ ಮೂಲಕ ಕೊಡುವವರಿಗೆ ತೋರಿಸುವ ಕ್ಯೂಆರ್ ಕೋಡ್ ಕ್ಲಬ್‌ನ ಸೇವಾ ಖಾತೆಯದ್ದೇ ಆಗಿರಬೇಕು. ಸದ್ಯಕ್ಕೆ ನನ್ನ ಖಾತೆಗೆ ಬರಲಿ, ಆಮೇಲೆ ವರ್ಗಾಯಿಸುತ್ತೇನೆ ಎನ್ನುವ ಉತ್ಸಾಹಿಗಳನ್ನು ನಯವಾಗಿ ತಡೆಯಿರಿ.

ಅವಮಾನವಾಯಿತೆನ್ನುವವರಿಗೆ, ಅಧ್ಯಕ್ಷರ ಡಬ್ಬಿಗೂ ಇದೇ ಮೊಹರು ಇದೆಯೆಂದು ತೋರಿಸಿ. ಬೇಸರ ಹುಟ್ಟುವುದು ನಿಯಮದಿಂದಲ್ಲ, ಅದು ಕೆಲವರಿಗೆ ಮಾತ್ರ ಅನ್ವಯವಾದಾಗ.

ಪ್ರಶ್ನೆ: ಹಬ್ಬದ ವಾರದಲ್ಲಿ ಅಂಗಡಿಯ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತವರನ್ನು ಕಂಡರೆ ನಾನು ಇನ್ನೊಂದು ಬಾಗಿಲಿನಿಂದ ಹೋಗುತ್ತೇನೆ. ಎದುರಿಗೆ ಸಿಕ್ಕಿಬಿದ್ದರೆ ಮಾತ್ರ ಕೊಡುತ್ತೇನೆ, ಕೊಟ್ಟಮೇಲೆ ಸಂತೋಷವೂ ಆಗುತ್ತದೆ. ನಾನು ಜಿಪುಣಳೇ, ಕಪಟಿಯೇ?

ಉತ್ತರ: ಎರಡೂ ಅಲ್ಲ; ನಿಮ್ಮಂಥವರು ಎಷ್ಟು ಮಂದಿಯೆಂದರೆ ಅರ್ಥಶಾಸ್ತ್ರಜ್ಞರೇ ನಿಮ್ಮನ್ನು ಅಧ್ಯಯನ ಮಾಡಿದ್ದಾರೆ. ಜೇಮ್ಸ್ ಆಂಡ್ರಿಯೋನಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಜೊತೆಗೂಡಿ ಕ್ರಿಸ್‌ಮಸ್ ಸಮಯದಲ್ಲಿ ಒಂದು ಸೂಪರ್‌ಮಾರ್ಕೆಟ್ಟಿನ ಬಾಗಿಲುಗಳಲ್ಲಿ ಗಂಟೆ ಬಾರಿಸುವ ಸ್ವಯಂಸೇವಕರನ್ನು ನಿಲ್ಲಿಸಿದರು: ಕೆಲವೊಮ್ಮೆ ಒಂದೇ ಬಾಗಿಲಲ್ಲಿ, ಕೆಲವೊಮ್ಮೆ ಎರಡರಲ್ಲೂ, ಕೆಲವೊಮ್ಮೆ ಮೌನವಾಗಿ, ಕೆಲವೊಮ್ಮೆ ‘ದಯವಿಟ್ಟು ಕೊಡಿ’ ಎಂದು ಬಾಯಿಬಿಟ್ಟು ಕೇಳುತ್ತ. ಬಾಯಿಬಿಟ್ಟು ಕೇಳಿದಾಗ ದಾನ ಗಣನೀಯವಾಗಿ ಏರಿತು; ಹಾಗೆಯೇ, ಕೇಳುವವರಿಲ್ಲದ ಬಾಗಿಲನ್ನು ಹುಡುಕಿಕೊಂಡು ಹೋದವರೂ ಗಣನೀಯವಾಗಿ ಹೆಚ್ಚಿದರು. ಕೇಳಿದರೆ ತಮ್ಮ ಮನಸ್ಸು ಕರಗುತ್ತದೆಂದು ಜನರಿಗೆ ಗೊತ್ತು, ಅದಕ್ಕೇ ಕೇಳಿಸಿಕೊಳ್ಳುವುದನ್ನೇ ತಪ್ಪಿಸುತ್ತಾರೆ ಎಂಬುದು ಸಂಶೋಧಕರ ವಿವರಣೆ. ಕಲ್ಲು ಹೃದಯದವರಿಗೆ ಇನ್ನೊಂದು ಬಾಗಿಲಿನ ಅಗತ್ಯವೇ ಇರುವುದಿಲ್ಲವಷ್ಟೆ.

ಬಾಗಿಲಿನ ಕಾಟ ಬೇಡವೆನಿಸಿದರೆ, ವರ್ಷಕ್ಕೆ ಕೊಡುವ ಮೊತ್ತವನ್ನೂ ಯಾರಿಗೆಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡು, ಅವರ ಖಾತೆಗೆ ನೇರವಾಗಿ ಕಳಿಸಿಬಿಡಿ. ಆಗ ಡಬ್ಬಿಯ ಮುಂದೆ ತಲೆತಗ್ಗಿಸದೆ ಮುಗುಳ್ನಕ್ಕು ಹೋಗಬಹುದು. ಕ್ಲಬ್‌ನವರಿಗೆ ನನ್ನ ಮಾತು ಬೇರೆ: ಬಾಯಿಬಿಟ್ಟು ಕೇಳಿ, ಒಮ್ಮೆ ಮಾತ್ರ ಕೇಳಿ, ಹಿಂಬಾಲಿಸಬೇಡಿ. ಬಾಗಿಲಿಗೆ ಅಡ್ಡ ನಿಂತು ವಸೂಲಿ ಮಾಡಿದ ಹಣ ಈ ವರ್ಷದ ಲೆಕ್ಕಕ್ಕೆ ಬರುತ್ತದೆ, ಮುಂದಿನ ವರ್ಷದ ದಾನಿಯನ್ನು ಓಡಿಸುತ್ತದೆ.

ಪ್ರಶ್ನೆ: ಹಬ್ಬದ ಪ್ರಯುಕ್ತ ಒಂದು ಸಂಗೀತ ಸಂಜೆ ನಡೆಸಿದೆವು. ಸಭಾಂಗಣ ತುಂಬಿತ್ತು, ಜನ ಮೆಚ್ಚಿದರು. ಬಂದ ನೂರರಲ್ಲಿ ಎಂಬತ್ತು ಪಾಲು ಖರ್ಚಿಗೇ ಹೋಯಿತು. ಕಾರ್ಯಕ್ರಮ ಯಶಸ್ವಿಯೇ?

ಉತ್ತರ: ಸಂಗೀತ ಸಂಜೆಯಾಗಿ ಯಶಸ್ವಿ; ನಿಧಿಸಂಗ್ರಹವಾಗಿ ಅಲ್ಲ. ನೂರು ಕೊಟ್ಟವರು ಇಪ್ಪತ್ತು ಮಾತ್ರ ಸೇವೆಗೆ ತಲುಪುತ್ತದೆಂದು ಮೊದಲೇ ತಿಳಿದಿದ್ದರೆ ಟಿಕೆಟ್ ಕೊಳ್ಳುತ್ತಿದ್ದರೇ ಎಂದು ಕೇಳಿಕೊಳ್ಳಿ. ಮುಂದಿನ ಸಲ ಖರ್ಚನ್ನೆಲ್ಲ ಪ್ರಾಯೋಜಕರಿಂದ ಇಲ್ಲವೇ ಸದಸ್ಯರಿಂದ ಮೊದಲೇ ಭರಿಸಿಕೊಳ್ಳಿ; ಅದು ಕೂಡಿಬಾರದಿದ್ದರೆ ಕಾರ್ಯಕ್ರಮವನ್ನು ಕೈಬಿಡಿ. ಅದೃಷ್ಟ ಚೀಟಿಯಿಂದ ತೂಗಿಸೋಣವೆಂದು ಯಾರಾದರೂ ಹೇಳಿದರೆ, ಅಂಥ ಚೀಟಿಗಳಿಗೆ ಅನೇಕ ಕಡೆ ಕಾನೂನಿನ ನಿರ್ಬಂಧವೂ ಪೂರ್ವಾನುಮತಿಯ ಕಟ್ಟಳೆಯೂ ಇದೆಯೆಂಬುದನ್ನು ನೆನಪಿಸಿ.

ಹಬ್ಬದ ಸಂಗ್ರಹದ ಚರಿತ್ರೆಯಲ್ಲಿ ದೊಡ್ಡದಾಗಿ ಬೆಳೆದವು ಬಹುಪಾಲು ಅಗ್ಗದ ಉಪಾಯಗಳು. 1891ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಾಲ್ವೇಶನ್ ಆರ್ಮಿಯ ಜೋಸೆಫ್ ಮ್ಯಾಕ್‌ಫೀ ಬಡವರಿಗೆ ಕ್ರಿಸ್‌ಮಸ್ ಊಟ ಹಾಕಲು ಹಣವಿಲ್ಲದೆ, ದೋಣಿ ಹತ್ತುವ ಕಟ್ಟೆಯಲ್ಲಿ ಒಂದು ಕಡಾಯಿಯನ್ನು ತೂಗುಹಾಕಿದರು. ಆ ಸಂಸ್ಥೆ ಇಂದಿಗೂ ಕ್ರಿಸ್‌ಮಸ್ ದಾನಕ್ಕೆಂದು ಇಡುವ ಕೆಂಪು ಕಡಾಯಿಯ ಮೂಲ ಅದೇ. ನನಗೆ ಇದಕ್ಕಿಂತ ಪ್ರಿಯವಾದದ್ದು ಡೆನ್ಮಾರ್ಕಿನ ಅಂಚೆ ನೌಕರ ಐನಾರ್ ಹೋಲ್‌ಬೆಲ್ ಅವರ ಕಥೆ. ಹಬ್ಬದ ಶುಭಾಶಯ ಪತ್ರಗಳ ರಾಶಿಯನ್ನು ವಿಂಗಡಿಸುತ್ತಿದ್ದ ಅವರಿಗೆ, ಪ್ರತಿ ಪತ್ರದ ಮೇಲೂ ಅಂಚೆಚೀಟಿಯ ಜೊತೆಗೆ ಚಿಕ್ಕಾಸಿನ ಇನ್ನೊಂದು ಚೀಟಿ ಅಂಟಿದರೆ ಎಷ್ಟು ಮಕ್ಕಳಿಗೆ ಚಿಕಿತ್ಸೆಯಾದೀತು ಎಂದು ಹೊಳೆಯಿತು. 1904ರಲ್ಲಿ ಹೊರಬಂದ ಆ ಮೊದಲ ಕ್ರಿಸ್‌ಮಸ್ ಚೀಟಿ ಒಂದೇ ಹಬ್ಬದಲ್ಲಿ 40 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ಆ ಹಣ ಕ್ಷಯರೋಗಿ ಮಕ್ಕಳ ಆಸ್ಪತ್ರೆಗೆ ಹೋಯಿತು. 1907ರಲ್ಲಿ ಸಮಾಜಸೇವಕಿ ಎಮಿಲಿ ಬಿಸೆಲ್ ಅದೇ ಉಪಾಯವನ್ನು ಅಮೆರಿಕಕ್ಕೆ ತಂದರು. ಇದರ ಗುಟ್ಟನ್ನು ಗಮನಿಸಿ: ಜನ ಹಬ್ಬಕ್ಕಾಗಿ ಹೇಗೂ ಮಾಡುತ್ತಿದ್ದ ಒಂದು ಕೆಲಸಕ್ಕೆ ದಾನವನ್ನು ಅಂಟಿಸಲಾಯಿತು, ಅದಕ್ಕಾಗಿ ಹೊಸದೊಂದು ಸಮಾರಂಭವನ್ನು ಹೂಡಲಿಲ್ಲ. ನಿಮ್ಮ ಸದಸ್ಯರು ಹಬ್ಬಕ್ಕೆ ಏನನ್ನು ಹೇಗೂ ಮಾಡುತ್ತಾರೆ, ಕೊಳ್ಳುತ್ತಾರೆ, ಕಳಿಸುತ್ತಾರೆ ಎಂಬ ಪಟ್ಟಿಯಿಂದ ಯೋಚನೆ ಆರಂಭಿಸಿ.

ಪ್ರಶ್ನೆ: ಹಬ್ಬದ ದಿನ ವೃದ್ಧಾಶ್ರಮದಲ್ಲಿ ಸೇವೆ ಮಾಡಲು ನಮ್ಮ ಕ್ಲಬ್‌ನಿಂದ ಐವತ್ತು ಮಂದಿ ಬರುತ್ತಾರೆ. ಎರಡು ತಿಂಗಳ ಅನಂತರ ಅಲ್ಲಿಂದ ಕರೆ ಬಂದಾಗ ಐದು ಮಂದಿಯೂ ಸಿಗುವುದಿಲ್ಲ. ಸ್ವಯಂಸೇವಕರನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಕಾಣಲು ವೃದ್ಧಾಶ್ರಮದವರನ್ನೇ ಕೇಳಬೇಕು. ಒಂದು ವರ್ಷ ನಾವು ಹಬ್ಬದ ಮಧ್ಯಾಹ್ನ ಹಾಡಲು, ಉಡುಗೊರೆ ಹಂಚಲು ಹೋದಾಗ ಅಂದಿನ ಮೂರನೆಯ ತಂಡ ನಮ್ಮದಾಗಿತ್ತು. ಅಲ್ಲಿದ್ದ ಹಿರಿಯರು ಬೆಳಗಿನಿಂದ ಕುರ್ಚಿಯಲ್ಲಿ ಕುಳಿತು ಚಪ್ಪಾಳೆ ತಟ್ಟಿ ದಣಿದಿದ್ದರು. ಒಬ್ಬ ಅಜ್ಜಿ ಮೂರನೆಯ ಹೊದಿಕೆಯನ್ನು ಸೌಜನ್ಯದಿಂದಲೇ ಸ್ವೀಕರಿಸಿ, ಇನ್ನು ಮಲಗಬಹುದೇ ಎಂದು ಕೇಳಿದರು. ಅಂದು ನಾವು ಅವರಿಗೆ ಸೇವೆ ಮಾಡಿದೆವೋ, ಅವರು ನಮಗೆ ಸೇವೆಯ ಅವಕಾಶ ಕೊಟ್ಟು ಉಪಕರಿಸಿದರೋ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ಆದ್ದರಿಂದ ಮೊದಲು ಕೇಳಿ: ನಿಮಗೆ ಏನು ಬೇಕು, ಯಾವಾಗ ಬೇಕು, ಎಷ್ಟು ಮಂದಿ ಬೇಕು? ಸಿಗುವ ಉತ್ತರ ಬಹುಮಟ್ಟಿಗೆ ನೀರಸವಾಗಿರುತ್ತದೆ. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರು ಬೇಕು, ಅರ್ಜಿ ತುಂಬಿಕೊಡುವವರು ಬೇಕು, ಸೋರುವ ನಲ್ಲಿಯನ್ನು ಸರಿಪಡಿಸುವವರು ಬೇಕು, ಪತ್ರಿಕೆ ಓದಿ ಹೇಳುವವರು ಬೇಕು. ನಿಜವಾದ ಸೇವೆಯ ಬಹುಪಾಲು ಇರುವುದು ಈ ನೀರಸ ಕೆಲಸಗಳಲ್ಲೇ. ಪಾಲ್ ಹ್ಯಾರಿಸ್ ಮತ್ತು ಅವರ ಮೂವರು ಗೆಳೆಯರು 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ಸೇರಿ ಆರಂಭಿಸಿದ ರೋಟರಿಯ ಮೊದಮೊದಲ ಸಾರ್ವಜನಿಕ ಕೆಲಸಗಳಲ್ಲಿ ಒಂದು ಯಾವುದು ಗೊತ್ತೇ? 1907ರಲ್ಲಿ ಅವರು ಕೈಗೆತ್ತಿಕೊಂಡದ್ದು ನಗರದಲ್ಲಿ ಸಾರ್ವಜನಿಕ ಶೌಚಾಲಯಗಳು ಆಗಬೇಕೆಂಬ ಪ್ರಯತ್ನವನ್ನು. ಮಾಲೆ ಹಾಕಿ ಉದ್ಘಾಟಿಸಲು ಅಷ್ಟೇನೂ ಶೋಭೆಯ ವಸ್ತುವಲ್ಲ, ಆದರೆ ನಗರಕ್ಕೆ ಬೇಕಾಗಿದ್ದದ್ದು ಅದು.

ಇನ್ನು ಜನರನ್ನು ಉಳಿಸಿಕೊಳ್ಳುವ ಮಾತು. ‘ವರ್ಷವಿಡೀ ಬನ್ನಿ’ ಎಂಬ ಕರೆಗೆ ಯಾರೂ ಓಗೊಡುವುದಿಲ್ಲ; ‘ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಎರಡು ಗಂಟೆ ಕಾಲ ಈ ಕೆಲಸ’ ಎಂಬ ಕರೆಗೆ ಓಗೊಡುತ್ತಾರೆ. ಹಬ್ಬದ ದಿನ ಬಂದ ಐವತ್ತು ಮಂದಿಯೂ ಮನೆಗೆ ಮರಳುವ ಮುನ್ನ, ಉತ್ಸಾಹ ಬಿಸಿಯಾಗಿರುವಾಗಲೇ, ಮುಂದಿನ ಹನ್ನೆರಡು ತಿಂಗಳ ಒಂದು ಪಟ್ಟಿಯನ್ನು ಮೇಜಿನ ಮೇಲಿಟ್ಟು, ಪ್ರತಿಯೊಬ್ಬರೂ ಒಂದೇ ಒಂದು ದಿನದ ಮುಂದೆ ಹೆಸರು ಬರೆಯಲಿ. ಐವತ್ತರಲ್ಲಿ ಇಪ್ಪತ್ತು ಮಂದಿ ಬರೆದರೂ ತಿಂಗಳಿಗೆ ಒಬ್ಬರಿಗಿಂತ ಹೆಚ್ಚು ಸಿಕ್ಕಿದರು. ಬಂದವರಿಗೆ ಕೆಲಸವಿರುವಂತೆ ನೋಡಿಕೊಳ್ಳುವ ಹೊಣೆ ಕ್ಲಬ್‌ನದು. ಬೆಳಿಗ್ಗೆ ಎದ್ದು ಬಂದು, ಪದಾಧಿಕಾರಿಗಳಿಗಾಗಿ ಒಂದು ಗಂಟೆ ಕಾದು, ಬ್ಯಾನರಿನ ಹಿಂದೆ ನಿಂತು ಮರಳಿದವರು ಎರಡನೆಯ ಸಲ ಬರುವುದಿಲ್ಲ, ಬರಬಾರದು ಕೂಡ. ಮಕ್ಕಳ ಜೊತೆಗಾಗಲಿ ಅಸಹಾಯಕರ ಜೊತೆಗಾಗಲಿ ಕೆಲಸ ಮಾಡುವವರನ್ನು ಒಬ್ಬೊಬ್ಬರಾಗಿ ಬಿಡದೆ ಇಬ್ಬಿಬ್ಬರಾಗಿ ಕಳಿಸಬೇಕು, ಅಲ್ಲಿನ ಸಂಸ್ಥೆಯ ನಿಯಮಗಳನ್ನು ಮೊದಲೇ ತಿಳಿಸಬೇಕು.

ಕ್ಲಬ್‌ಗೆ ತನ್ನದೆಂಬ ಒಂದು ಕೆಲಸವಿರುವುದೂ ಜನರನ್ನು ಹಿಡಿದಿಡುತ್ತದೆ. 1925ರಲ್ಲಿ ಒಹಾಯೋದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಲಯನ್ಸ್ ಸಮ್ಮೇಳನದಲ್ಲಿ ದೃಷ್ಟಿ, ಶ್ರವಣ ಎರಡೂ ಇಲ್ಲದ ಲೇಖಕಿ ಹೆಲೆನ್ ಕೆಲ್ಲರ್ ಅವರು, ಕತ್ತಲೆಯ ವಿರುದ್ಧದ ಹೋರಾಟದಲ್ಲಿ ಅಂಧರ ಪರವಾದ ಯೋಧರಾಗಿ ಎಂದು ಕೇಳಿಕೊಂಡರು. ದೃಷ್ಟಿಯ ಕೆಲಸ ಇಂದಿಗೂ ಆ ಸಂಸ್ಥೆಯ ಗುರುತಾಗಿದೆ. ಹಬ್ಬಕ್ಕೊಂದು ಹೊಸ ಯೋಜನೆಯನ್ನು ಘೋಷಿಸುವ ಕ್ಲಬ್‌ಗಳು ಇದನ್ನು ಸ್ವಲ್ಪ ಯೋಚಿಸಬೇಕು.

ಪ್ರಶ್ನೆ: ಹಳೆಯ ಬಟ್ಟೆ, ಆಟಿಕೆಗಳನ್ನು ಹಬ್ಬದಲ್ಲಿ ಸಂಗ್ರಹಿಸಬಹುದೇ?

ಉತ್ತರ: ಪಡೆಯುವವರು ಇಂಥದ್ದು ಬೇಕೆಂದು ಹೇಳಿದ್ದರೆ, ಹೇಳಿದಷ್ಟನ್ನು ಮಾತ್ರ. ವಿಂಗಡಿಸಲು, ಒಗೆಯಲು, ಸಾಗಿಸಲು ತಗಲುವ ಖರ್ಚು ಅನೇಕ ಸಲ ವಸ್ತುವಿನ ಬೆಲೆಯನ್ನೇ ಮೀರುತ್ತದೆ. ನಿಮ್ಮ ಮಗುವಿಗೆ ಕೊಡಲು ಹಿಂಜರಿಯುವಂಥದ್ದನ್ನು ಪೆಟ್ಟಿಗೆಗೆ ಹಾಕಬೇಡಿ ಎಂದು ಪ್ರಕಟಣೆಯಲ್ಲೇ ಬರೆಯಿರಿ.

ಪ್ರಶ್ನೆ: ನೆರವು ಪಡೆದವರ ಜೊತೆ ತೆಗೆದ ಚಿತ್ರಗಳನ್ನು ಪ್ರಕಟಿಸದಿದ್ದರೆ ದಾನಿಗಳು ನಂಬುವುದಿಲ್ಲ ಎನ್ನುತ್ತಾರೆ ನಮ್ಮ ಪ್ರಚಾರ ಸಮಿತಿಯವರು. ನಿಮ್ಮ ಅಭಿಪ್ರಾಯವೇನು?

ಉತ್ತರ: ದಾನಿಗಳು ನಂಬಬೇಕಾದದ್ದು ಲೆಕ್ಕವನ್ನು, ಬಡವರ ಮುಖವನ್ನಲ್ಲ. ಕೈಯಲ್ಲಿ ಪೊಟ್ಟಣ ಹಿಡಿಸಿ, ಸುತ್ತ ಎಂಟು ಮಂದಿ ಪದಾಧಿಕಾರಿಗಳು ನಿಂತು ತೆಗೆಸಿಕೊಂಡ ಚಿತ್ರದಿಂದ ಆ ಪೊಟ್ಟಣಕ್ಕೆ ಎಷ್ಟು ಖರ್ಚಾಯಿತು, ಅಂಥವು ಎಷ್ಟು ಹಂಚಿಕೆಯಾದವು ಎಂಬುದು ಯಾರಿಗೂ ತಿಳಿಯುವುದಿಲ್ಲ. ಒಪ್ಪಿಗೆ ಪಡೆದೇ ತೆಗೆದೆವು ಎಂದು ಹೇಳುವವರಿದ್ದಾರೆ. ಒಪ್ಪದಿದ್ದರೆ ಪೊಟ್ಟಣ ಸಿಗಲಾರದೇನೋ ಎಂಬ ಅಂಜಿಕೆಯಲ್ಲಿ ಕೊಟ್ಟ ಒಪ್ಪಿಗೆಗೆ ಬೆಲೆ ಕಡಿಮೆ. ಮಕ್ಕಳ ಚಿತ್ರಗಳ ವಿಷಯದಲ್ಲಂತೂ ಚರ್ಚೆಯೇ ಬೇಡ. ಚಿತ್ರ ಬೇಕೇಬೇಕೆಂದರೆ ದುಡಿಯುತ್ತಿರುವ ನಿಮ್ಮ ಸದಸ್ಯರ ಕೈಗಳನ್ನು ತೋರಿಸಿ.

ಪ್ರಶ್ನೆ: ನಮ್ಮದು ಹನ್ನೆರಡೇ ಮಂದಿಯ ಕ್ಲಬ್. ದೊಡ್ಡ ಕ್ಲಬ್‌ಗಳ ಸಂಗ್ರಹದ ಮುಂದೆ ನಮ್ಮದು ಹೇಳಿಕೊಳ್ಳುವಂಥದ್ದಲ್ಲ. ಹೀಗಿರುವಾಗ ಲೆಕ್ಕವನ್ನು ಪ್ರಕಟಿಸುವುದು ಅಗತ್ಯವೇ? ಪ್ರಕಟಿಸುವುದಾದರೆ ಹೇಗೆ?

ಉತ್ತರ: ಮೊತ್ತ ಚಿಕ್ಕದೆಂಬ ಸಂಕೋಚ ಬೇಡ. ರೋಟರಿಯ ಅಧ್ಯಕ್ಷರಾಗಿದ್ದ ಆರ್ಚ್ ಕ್ಲಂಫ್ 1917ರಲ್ಲಿ ಒಂದು ಶಾಶ್ವತ ನಿಧಿಯ ವಿಚಾರವನ್ನು ಮುಂದಿಟ್ಟಾಗ, ಅದಕ್ಕೆ ಕಾನ್ಸಾಸ್ ಸಿಟಿಯ ಕ್ಲಬ್‌ನಿಂದ ಬಂದ ಮೊದಲ ದೇಣಿಗೆ 26 ಡಾಲರ್ 50 ಸೆಂಟ್. ಆ ನಿಧಿಯೇ ಬೆಳೆದು ರೋಟರಿ ಫೌಂಡೇಶನ್ ಆಯಿತು. 1985ರಲ್ಲಿ ರೋಟರಿ ಆರಂಭಿಸಿದ ಪೋಲಿಯೋ ವಿರುದ್ಧದ ಅಭಿಯಾನಕ್ಕೆ ಹಣ ಹರಿದದ್ದು ಅದರ ಮೂಲಕವೇ. ಆ ಅಭಿಯಾನದಲ್ಲಿ ಹಣ ಕೊಟ್ಟವರಷ್ಟೇ ಅಲ್ಲ, ಲಸಿಕೆಯ ಪೆಟ್ಟಿಗೆ ಹೊತ್ತು ಮನೆಮನೆಗೆ ಹೋದ ಸ್ವಯಂಸೇವಕರೂ ಇದ್ದರು. ಮೊದಲ ದೇಣಿಗೆಯ ಆ 50 ಸೆಂಟ್ ಇಂದಿಗೂ ದಾಖಲೆಯಲ್ಲಿ ಉಳಿದಿದೆ ಎಂಬುದು ಖಜಾಂಚಿಗಳು ಹೆಮ್ಮೆಪಡಬೇಕಾದ ಸಂಗತಿ.

ಹೇಗೆಂಬುದಕ್ಕೆ ಒಂದು ಪುಟ ಸಾಕು. ಡಬ್ಬಿಗಳಿಂದ ಎಷ್ಟು, ರಸೀದಿಯಿಂದ ಎಷ್ಟು, ಖಾತೆಗೆ ನೇರವಾಗಿ ಎಷ್ಟು ಬಂತು. ಸಂಗ್ರಹದ ಖರ್ಚು ಎಷ್ಟು. ಯಾವ ಕೆಲಸಕ್ಕೆ, ಯಾವ ದಿನಾಂಕದಂದು, ಎಷ್ಟು ಕೊಡಲಾಯಿತು. ಏನು ಉಳಿದಿದೆ, ಅದು ಎಲ್ಲಿದೆ. ಪದಾಧಿಕಾರಿಯಲ್ಲದ ಒಬ್ಬರು ಅದನ್ನು ಚೀಟಿಗಳೊಡನೆ ತಾಳೆ ನೋಡಿ ಸಹಿ ಹಾಕಲಿ. ಹಬ್ಬ ಮುಗಿದು ಒಂದು ತಿಂಗಳೊಳಗೆ, ಡಬ್ಬಿಗಳನ್ನು ಎಲ್ಲೆಲ್ಲಿ ಇಟ್ಟಿದ್ದಿರೋ ಅಲ್ಲೆಲ್ಲ ಆ ಪುಟವನ್ನು ಅಂಟಿಸಿ. ನಮ್ಮ ಕ್ಲಬ್‌ನಲ್ಲಿ ಹೀಗೆ ಅಂಟಿಸಿದ ಮೊದಲ ವರ್ಷ ಒಬ್ಬ ಅಂಗಡಿಯವರು ಕೂಡಿಕೆಯಲ್ಲಿ ಒಂದು ತಪ್ಪನ್ನು ಹುಡುಕಿ ಫೋನ್ ಮಾಡಿದರು. ತಪ್ಪು ನನ್ನದೇ. ತಿದ್ದಿದ ಪುಟವನ್ನು ಒಯ್ದಾಗ, ಮುಂದಿನ ವರ್ಷದಿಂದ ಡಬ್ಬಿಯನ್ನು ಬಾಗಿಲಲ್ಲಿ ಬೇಡ, ಗಲ್ಲಾದ ಪಕ್ಕದಲ್ಲೇ ಇಡಿ ಎಂದು ಅವರು ಜಾಗ ತೋರಿಸಿದರು.